ಜೀಪಿನ ಸ್ಟೀರಿಂಗ್ ಮತ್ತು ಹರಿಹರದ ಲೇತು

ಮೋಟಾರು ವಾಹನಗಳ ಇತಿಹಾಸ ಬರೆದವರ ಗಮನ ಬಹುಮಟ್ಟಿಗೆ ತಯಾರಿಕೆಯ ಮೇಲೆಯೇ ಇದೆ. ಯಾವ ಕಂಪನಿ ಯಾವ ವರ್ಷ ಯಾವ ಮಾದರಿಯನ್ನು ಹೊರತಂದಿತು ಎಂಬುದು ದಾಖಲೆಗೆ ಸೇರುತ್ತದೆ; ಆ ವಾಹನ ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಮೂವತ್ತು ನಲವತ್ತು ವರ್ಷ ಓಡಿದ್ದು ಹೇಗೆ, ಸವೆದ ಭಾಗಗಳಿಗೆ ಬದಲಿ ಎಲ್ಲಿಂದ ಬಂತು, ಆ ಬದಲಿಯನ್ನು ಮಾಡಿದ ಕೈ ಎಲ್ಲಿ ಪಳಗಿತ್ತು ಎಂಬ ಪ್ರಶ್ನೆಗಳು ದಾಖಲೆಯ ಹೊರಗೇ ಉಳಿಯುತ್ತವೆ. ಹಳೆಯ ಜೀಪಿನ ಮಟ್ಟಿಗೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ತುಂಗಭದ್ರೆಯ ದಡದ ಹರಿಹರ ಮತ್ತು ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆಗಿಂತ ತಕ್ಕ ಜಾಗಗಳು ಕರ್ನಾಟಕದಲ್ಲಿ ವಿರಳ. ಇಲ್ಲಿ ಸ್ಟೀರಿಂಗನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ: ಇಂಜಿನ್ ಕೆಟ್ಟರೆ ಜೀಪು ನಿಲ್ಲುತ್ತದೆ, ಅಷ್ಟೆ. ಸ್ಟೀರಿಂಗ್ ಕೆಟ್ಟರೆ ಜೀಪು ಓಡುತ್ತಲೇ ಇರುತ್ತದೆ, ಆದರೆ ಚಾಲಕನ ಮಾತು ಕೇಳುವುದಿಲ್ಲ. ಹೀಗಾಗಿ ಬದಲಿ ಭಾಗದ ಗುಣವನ್ನು ಒರೆಗೆ ಹಚ್ಚುವುದಕ್ಕೆ ವಾಹನದ ಬೇರಾವ ಅಂಗಕ್ಕಿಂತಲೂ ಸ್ಟೀರಿಂಗ್ ಹೆಚ್ಚು ಯೋಗ್ಯವಾದದ್ದು. ಈ ಸೀಮೆಯಲ್ಲಿ ಸ್ಟೀರಿಂಗಿನ ಬಾಳಿಕೆ ಪೊಟ್ಟಣದ ಮೇಲಿನ ಮುದ್ರೆಗಿಂತ ಹೆಚ್ಚಾಗಿ ಅಳತೆಯ ಶಿಸ್ತನ್ನು ಅವಲಂಬಿಸಿತ್ತೆಂದೂ, ಆ ಶಿಸ್ತು ಇಲ್ಲಿಗೆ ಬಂದದ್ದು ಲೇತ್ ಯಂತ್ರ ತಯಾರಿಸುವ ಕಾರ್ಖಾನೆಯೊಂದರಿಂದೆಂದೂ ಇಲ್ಲಿ ವಾದಿಸಲಾಗಿದೆ.

ಹರಿಹರ ಹಿಂದಿನಿಂದಲೂ ದಾಟುವ ಊರು. 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಅದಕ್ಕೆ ಕ್ಷೇತ್ರದ ಹೆಸರು ಬಂದಿದ್ದರೆ, 1868ರಲ್ಲಿ ಮುಗಿದ ಕಮಾನುಗಳ ಸೇತುವೆಯಿಂದ ಬೆಂಗಳೂರು–ಧಾರವಾಡ ಹೆದ್ದಾರಿಯ ಆಯಕಟ್ಟಿನ ಸ್ಥಾನ ಬಂತು. ಮುಂದೆ ಪೂನಾ–ಬೆಂಗಳೂರು ರಸ್ತೆ ಎಂದೂ, ಅದರ ಮೊದಲಕ್ಷರಗಳಿಂದ ಪಿ.ಬಿ. ರಸ್ತೆ ಎಂದೂ ಜನರ ಬಾಯಲ್ಲಿ ನಿಂತದ್ದು ಈ ಹೆದ್ದಾರಿಯೇ. ನದಿಯ ಆಚೆಗಿನ ದಡ ಮುಂಬಯಿ ಪ್ರಾಂತ್ಯಕ್ಕೆ, ಈಚೆಗಿನ ದಡ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಹರಿಹರ ಎರಡು ಆಡಳಿತಗಳ ಗಡಿಯೂ ಆಗಿತ್ತು. ದಾವಣಗೆರೆಯದು ವ್ಯಾಪಾರದ ದಾರಿ: ಮಲೆನಾಡಿನ ಅಡಿಕೆ ಮೆಣಸು ಬಯಲಿಗೆ ಇಳಿಯುವಾಗ ಕೈ ಬದಲಾಯಿಸುತ್ತಿದ್ದ ಪೇಟೆಯಾಗಿ ಬೆಳೆದು, ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಜಿನ್ನುಗಳಿಂದಲೂ ಬಟ್ಟೆ ಗಿರಣಿಗಳಿಂದಲೂ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತು. ಗಿರಣಿ ಇದ್ದಲ್ಲಿ ತಿರುಗುವ ದಂಡಗಳು, ಸವೆಯುವ ಬುಷ್‌ಗಳು ಇರುತ್ತವೆ. ಅವನ್ನು ಮತ್ತೆ ಮತ್ತೆ ಮಾಡಿಕೊಡುವ ಟರ್ನರ್‌ಗಳು, ಅಂದರೆ ಲೇತಿನ ಮೇಲೆ ಲೋಹವನ್ನು ತಿರುಗಿಸಿ ಕಡೆಯುವ ಕೆಲಸಗಾರರು, ಜೀಪು ಈ ಸೀಮೆಗೆ ಬರುವುದಕ್ಕೆ ಮುಂಚೆಯೇ ದಾವಣಗೆರೆಗೆ ಬೇಕಾಗಿದ್ದರು.

ಆದರೂ ನಿರ್ಣಾಯಕ ವರ್ಷ 1941. ಆ ವರ್ಷ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ಕಿರ್ಲೋಸ್ಕರ್ ಉದ್ಯಮಗಳ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ಮೂಲಕ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದವರು. ದುರಸ್ತಿಯಿಂದ ತಯಾರಿಕೆಗೆ ಏರಿದ ಕಸುಬಿನ ವಂಶ ಅವರದು. ಎರಡನೆಯ ಮಹಾಯುದ್ಧದಿಂದ ಯಂತ್ರಗಳ ಆಮದು ಬಿಗಿಯಾಗಿದ್ದ ಆ ಕಾಲದಲ್ಲಿ, ಬೇರೆ ಯಂತ್ರಗಳನ್ನು ಮಾಡುವ ಯಂತ್ರವಾದ ಲೇತನ್ನು ದೇಶದೊಳಗೇ ತಯಾರಿಸುವ ಕೆಲಸವನ್ನು ಹರಿಹರದ ಕಾರ್ಖಾನೆ ಕೈಗೆತ್ತಿಕೊಂಡಿತು. ಸರ್ಕಾರಿ ರಂಗದ ಎಚ್.ಎಂ.ಟಿ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿತೆಂಬುದನ್ನು ನೆನೆದರೆ ಹರಿಹರದ ಹಿರಿತನ ಸ್ಪಷ್ಟವಾಗುತ್ತದೆ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂದೇ ಹೆಸರಾಯಿತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಅಲ್ಲಿಯ ಲೇತುಗಳು ದೇಶದ ಕಾಲೇಜು, ಕೈಗಾರಿಕಾ ತರಬೇತಿ ಕೇಂದ್ರ ಮತ್ತು ಸಣ್ಣ ವರ್ಕ್‌ಶಾಪುಗಳನ್ನು ತಲುಪಿದವು. ಸಮೀಪದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗುತ್ತಿತ್ತು, ಮುಂದೆ ಅದೇ ಕಾರ್ಖಾನೆ ಮಿಶ್ರಲೋಹದ ವಿಶೇಷ ಉಕ್ಕುಗಳತ್ತ ಹೊರಳಿತು. ದಾವಣಗೆರೆಯಲ್ಲಿ 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಲೋಹ, ಯಂತ್ರ ಮತ್ತು ವಿದ್ಯೆ ಮೂರೂ ಒಂದು ದಿನದ ಪ್ರಯಾಣದೊಳಗೆ ಸಿಗುವ ಇಂತಹ ಸೀಮೆ ಆಗಿನ ಮೈಸೂರು ರಾಜ್ಯದಲ್ಲಿ ಬೆಂಗಳೂರನ್ನು ಬಿಟ್ಟರೆ ಸುಲಭಕ್ಕೆ ಕಾಣುವಂಥದ್ದಲ್ಲ.

ಲೇತ್ ಕಾರ್ಖಾನೆಯ ಕೆಲಸಗಾರನಿಗೂ ಸಾಮಾನ್ಯ ಗ್ಯಾರೇಜಿನ ಮೆಕ್ಯಾನಿಕ್‌ಗೂ ಇರುವ ಅಂತರವನ್ನು ಇಲ್ಲಿ ಗುರುತಿಸಬೇಕು. ಲೇತಿನ ಹಾಸು ನೇರವಾಗಿಲ್ಲದಿದ್ದರೆ ಅದರ ಮೇಲೆ ಕಡೆದ ಪ್ರತಿಯೊಂದು ವಸ್ತುವೂ ಓರೆಯಾಗುತ್ತದೆ. ಆದುದರಿಂದ ಲೇತನ್ನು ಮಾಡುವವನು ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನೂ ಅಳೆಯಲು ಕಲಿಯಲೇಬೇಕಾಗುತ್ತದೆ. ಈ ಕಸುಬಿನಲ್ಲಿ ಅಳತೆಯ ಮಾತು ನಡೆಯುವುದು ಥೌ ಎಂಬ ಘಟಕದಲ್ಲಿ. ಒಂದು ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ, ಅಂದರೆ ಮಿಲಿಮೀಟರಿನ ನಲವತ್ತರಲ್ಲೊಂದು ಭಾಗದಷ್ಟು. ಎರಡು ಥೌ ಬಿಡು, ಒಂದು ಥೌ ತೆಗೆ ಎಂಬ ಮಾತುಗಳು ಹರಿಹರದ ಕಾರ್ಖಾನೆಯ ಆವರಣವನ್ನು ದಾಟಿ, ಅಲ್ಲಿಂದ ನಿವೃತ್ತರಾದವರ, ಅಲ್ಲಿ ಅಪ್ರೆಂಟಿಸ್ ಆಗಿ ಕಲಿತವರ, ಅವರಿಂದ ಕಲಿತವರ ಮೂಲಕ ಪಿ.ಬಿ. ರಸ್ತೆಯ ಆಸುಪಾಸಿನ ಲೇತ್ ಅಂಗಡಿಗಳ ದಿನಬಳಕೆಯ ಮಾತಾದವು. ಜೀಪಿನ ಚರಿತ್ರೆ ಈ ಅಂಗಡಿಗಳ ಬಾಗಿಲಿಗೆ ಬಂದು ಸೇರಿದ್ದು ಬೇರೊಂದು ದಾರಿಯಿಂದ.

ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಒಟ್ಟಾಗಿ ಆರು ಲಕ್ಷಕ್ಕೂ ಹೆಚ್ಚು ಯುದ್ಧದ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಒಂದಷ್ಟು ಭಾರತದಲ್ಲಿಯೇ ಉಳಿದು, ಮಿಲಿಟರಿ ಡಿಸ್‌ಪೋಸಲ್ ಎಂದು ಕರೆಯಲಾಗುತ್ತಿದ್ದ ಹರಾಜುಗಳ ಮೂಲಕ ಖಾಸಗಿಯವರ ಕೈ ಸೇರಿದವು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಆರಂಭವಾದ ಮಹೀಂದ್ರ ಕಂಪನಿ ಆ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ-3ಬಿ ಎಂಬ ಎತ್ತರದ ಬಾನೆಟ್ಟಿನ ಮಾದರಿಯನ್ನು ಇಲ್ಲಿಯೇ ತಯಾರಿಸಿತು. ಅಮೆರಿಕದಲ್ಲಿ 1953ರಲ್ಲಿ ಆರಂಭವಾಗಿ 1968ರಲ್ಲಿ ನಿಂತುಹೋದ ಈ ಮಾದರಿಯ ವಂಶ ಭಾರತದಲ್ಲಿ ಎಂಎಂ 540, ಮೇಜರ್ ಮುಂತಾದ ಹೆಸರುಗಳಲ್ಲಿ 2010ರ ಸುಮಾರಿನವರೆಗೂ ಮುಂದುವರಿಯಿತು. ವಿದೇಶಿ ಜೋಡಣಾ ಕಂಪನಿಗಳು ದೇಶದೊಳಗೆ ತಯಾರಿಕೆ ಕೈಗೊಳ್ಳದಿದ್ದರೆ ಮುಂದುವರಿಯಬಾರದೆಂಬ ನೀತಿ 1953ರ ಸುಂಕ ಆಯೋಗದ ಶಿಫಾರಸಿನಿಂದ ಬಂದು, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ದೇಶ ಬಿಟ್ಟವು. ಆಮದು ಬಿಡಿಭಾಗಗಳ ಬಾಗಿಲು ಕಿರಿದಾಯಿತು. ಹಳೆಯ ಅಮೆರಿಕನ್ ಜೀಪುಗಳ ಒಡೆಯರು ಬದಲಿಯನ್ನು ಹುಡುಕಬೇಕಾಗಿ ಬಂದದ್ದು ಈ ಇಕ್ಕಟ್ಟಿನಲ್ಲಿ.

ಮಧ್ಯ ಕರ್ನಾಟಕದಲ್ಲಿ ಜೀಪಿಗೆ ಕೆಲಸ ಕೊಟ್ಟವರು ಹಲವರು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1965ರ ಹೊತ್ತಿಗೆ ಮುಗಿದು, ಅದರ ನಾಲೆಗಳು ದಾವಣಗೆರೆ ಹರಿಹರಗಳ ಬಯಲಿಗೆ ಭತ್ತವನ್ನು ತಂದವು. ನಾಲೆಯ ಏರಿಯ ಮೇಲೆ ಓಡಾಡಲು ನೀರಾವರಿ ಇಂಜಿನಿಯರುಗಳಿಗೆ, ತೋಟಗಳಿಗೆ ಹೋಗಲು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ, ಘಟ್ಟದ ದಾರಿಗೆ ಚಿಕ್ಕಮಗಳೂರಿನ ಕಾಫಿ ತೋಟದವರಿಗೆ, ಜತೆಗೆ ಅರಣ್ಯ ಮತ್ತು ಪೊಲೀಸ್ ಇಲಾಖೆಗಳಿಗೆ ಜೀಪು ಅನಿವಾರ್ಯವಾಯಿತು. ಮಹೀಂದ್ರದ ಬಿ-275 ಟ್ರ್ಯಾಕ್ಟರ್ 1960ರ ದಶಕದಲ್ಲಿ ಬಂದ ಮೇಲೆ ಜೀಪು ಮತ್ತು ಟ್ರ್ಯಾಕ್ಟರ್ ಒಂದೇ ಗ್ಯಾರೇಜಿನ ಅಂಗಳದಲ್ಲಿ ನಿಲ್ಲತೊಡಗಿದವು. ಈ ನೆಲ ಸ್ಟೀರಿಂಗಿಗೆ ಅನುಕೂಲವಾದದ್ದಲ್ಲ: ಬೇಸಿಗೆಯಲ್ಲಿ ಕೆಂಪು ಧೂಳು ಗ್ರೀಸಿನೊಳಗೆ ಬೆರೆತು ಸಾಣೆ ಹಿಡಿಯುವ ಪುಡಿಯಂತೆ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಕೀಲುಗಳ ಸುತ್ತ ಮೆತ್ತಿಕೊಂಡು ತೇವವನ್ನು ಹಿಡಿದಿಡುತ್ತದೆ, ಗದ್ದೆಯ ನೀರಿನಲ್ಲಿ ದಾಟಿದ ಜೀಪಿನ ಮುಂದಿನ ಆಕ್ಸಲಿನ ಕೀಲುಗಳಿಂದ ಗ್ರೀಸು ತೊಳೆದುಹೋಗುತ್ತದೆ.

ಈ ಕೀಲುಗಳ ರಚನೆಯನ್ನು ತಿಳಿಯದೆ ಬದಲಿ ಭಾಗದ ಕತೆ ಅರ್ಥವಾಗದು. ಹಳೆಯ ವಿಲ್ಲಿಸ್ ವಿನ್ಯಾಸದಲ್ಲಿ ಸ್ಟೀರಿಂಗ್ ಚಕ್ರದ ಕೊಳವೆಯ ಕೆಳತುದಿಯಲ್ಲಿ ರಾಸ್ ಮಾದರಿಯ ಗೇರ್ ಬಾಕ್ಸ್ ಇದೆ. ಕೊಳವೆಯ ತುದಿಯಲ್ಲಿ ತಿರುಪಿನಂತೆ ಕೊರೆದ ಸುರುಳಿ ತೋಡಿನಲ್ಲಿ ಎರಡು ಶಂಕುವಿನಾಕಾರದ ಪಿನ್ನುಗಳು ಸರಿದಾಡುತ್ತವೆ, ಅವು ಕೂತಿರುವ ದಂಡ ಅದರಿಂದ ಆಚೀಚೆ ಹೊರಳುತ್ತದೆ. ಆ ದಂಡದ ಹೊರತುದಿಗೆ ಹಲ್ಲು ಕಚ್ಚಿ ಕೂರುವ ತೋಳಿಗೆ ಡ್ರಾಪ್ ಆರ್ಮ್ ಎಂದು ಹೆಸರು. ಡ್ರಾಪ್ ಆರ್ಮಿನ ಚಲನೆಯನ್ನು ಮುಂದಕ್ಕೆ ಒಯ್ಯುವ ಸರಳು ಡ್ರ್ಯಾಗ್ ಲಿಂಕ್. ಅದರ ಎರಡೂ ತುದಿಗಳಲ್ಲಿ ಗುಂಡು ತಲೆಯ ಪಿನ್ನು, ಅದನ್ನು ಹಿಡಿದಿಡುವ ಬಟ್ಟಲುಗಳು, ಒತ್ತುವ ಸ್ಪ್ರಿಂಗು ಮತ್ತು ಬಿಗಿಯುವ ತಿರುಪು ಇರುತ್ತವೆ. ಡ್ರ್ಯಾಗ್ ಲಿಂಕ್ ಹೋಗಿ ಸೇರುವುದು ಮುಂಭಾಗದಲ್ಲಿ ಒಂದು ಪಿನ್ನಿನ ಸುತ್ತ ತೂಗಾಡುವ ಬೆಲ್ ಕ್ರ್ಯಾಂಕಿಗೆ. ಹಿಂದು–ಮುಂದಿನ ಚಲನೆಯನ್ನು ಎಡ–ಬಲದ ಚಲನೆಯಾಗಿ ತಿರುಗಿಸುವುದು ಬೆಲ್ ಕ್ರ್ಯಾಂಕಿನ ಕೆಲಸ. ಅಲ್ಲಿಂದ ಎರಡು ಟೈ ರಾಡುಗಳು ಎರಡು ಚಕ್ರಗಳ ಕಡೆಗೆ ಹೊರಡುತ್ತವೆ. ಟೈ ರಾಡಿನ ಒಂದು ತುದಿಗೆ ಬಲಸುತ್ತಿನ ತಿರುಪೂ ಇನ್ನೊಂದು ತುದಿಗೆ ಎಡಸುತ್ತಿನ ತಿರುಪೂ ಇರುವುದರಿಂದ, ಸರಳನ್ನು ತಿರುಗಿಸಿದರೆ ಸಾಕು, ಅದರ ಉದ್ದ ಹೆಚ್ಚು ಕಡಿಮೆಯಾಗಿ ಚಕ್ರಗಳ ನೇರವನ್ನು ಹೊಂದಿಸಬಹುದು. ಕೊನೆಗೆ ಚಕ್ರ ತಿರುಗುವುದು ಕಿಂಗ್ ಪಿನ್ ಎಂಬ ಮೇಲಿನ ಮತ್ತು ಕೆಳಗಿನ ಗಿಡ್ಡ ಪಿನ್ನುಗಳ ಮೇಲೆ, ಶಂಕುವಿನಾಕಾರದ ರೋಲರ್ ಬೇರಿಂಗುಗಳ ನಡುವೆ.

ಡ್ರಾಪ್ ಆರ್ಮಿನಿಂದ ಒಂದು ಚಕ್ರದವರೆಗೆ ಹೀಗೆ ಐದು ಕೀಲುಗಳು ಒಂದರ ಹಿಂದೊಂದು ನಿಲ್ಲುತ್ತವೆ: ಡ್ರ್ಯಾಗ್ ಲಿಂಕಿನ ಎರಡು ತುದಿ, ಬೆಲ್ ಕ್ರ್ಯಾಂಕಿನ ನಡುವಿನ ಪಿನ್ನು, ಟೈ ರಾಡಿನ ಎರಡು ತುದಿ. ಇದು ದೊಡ್ಡ ಸಂಖ್ಯೆಯಂತೆ ಕಾಣದಿದ್ದರೂ ಸಡಿಲವನ್ನು ಲೆಕ್ಕ ಹಾಕಿದರೆ ಅದರ ಭಾರ ತಿಳಿಯುತ್ತದೆ. ಡ್ರಾಪ್ ಆರ್ಮ್ ಸುಮಾರು 15 ಸೆಂಟಿಮೀಟರ್ ಉದ್ದವಿದ್ದು, ಗೇರ್ ಬಾಕ್ಸಿನ ಅನುಪಾತ 12ಕ್ಕೆ 1 ಎಂದು ಇಟ್ಟುಕೊಂಡರೆ, ಒಂದು ಕೀಲಿನಲ್ಲಿ ಕೇವಲ ಒಂದು ಮಿಲಿಮೀಟರ್ ಸವೆತವಾದರೆ ಸ್ಟೀರಿಂಗ್ ಚಕ್ರದಲ್ಲಿ ಸುಮಾರು ನಾಲ್ಕೂವರೆ ಡಿಗ್ರಿಯ ಸಡಿಲ ಕಾಣಿಸುತ್ತದೆ. ಐದೂ ಕೀಲುಗಳಲ್ಲಿ ಅಷ್ಟಷ್ಟೇ ಸವೆದರೆ ಅದು ಸುಮಾರು 23 ಡಿಗ್ರಿಗೆ ಏರುತ್ತದೆ. ಗೇರ್ ಬಾಕ್ಸಿನ ಒಳಗಿನ ಸವೆತವನ್ನೂ ಇದಕ್ಕೆ ಕೂಡಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮ ಸ್ಟೀರಿಂಗ್ ಚಕ್ರದ ಸಡಿಲ 30 ಡಿಗ್ರಿ ಮೀರಬಾರದೆಂದು ಹೇಳುತ್ತದೆ. ಗುಂಡು ಕೀಲುಗಳಿಗೆ ರಬ್ಬರ್ ಟೊಪ್ಪಿ ಇರಬೇಕೆಂದೂ, ಬೋಲ್ಟು ಮತ್ತು ಪಿನ್ನುಗಳು ಬಿಚ್ಚಿಕೊಳ್ಳದಂತೆ ಭದ್ರವಾಗಿ ಲಾಕ್ ಆಗಿರಬೇಕೆಂದೂ ಅದೇ ನಿಯಮ ವಿಧಿಸುತ್ತದೆ. ಯಾವ ಒಂದು ಕೀಲೂ ಕೆಟ್ಟಿದೆ ಎನ್ನಲಾಗದ ಜೀಪು ಒಟ್ಟಾರೆಯಾಗಿ ಕಾನೂನಿನ ಗಡಿಯನ್ನು ಮುಟ್ಟಿಬಿಡುವುದು ಹೀಗೆ. ಒಂದೇ ಕೀಲನ್ನು ಬದಲಾಯಿಸಿ ಪೂರ್ಣ ಪರಿಹಾರ ನಿರೀಕ್ಷಿಸಿದ ಒಡೆಯರು ನಿರಾಶರಾಗುವುದಕ್ಕೂ ಇದೇ ಕಾರಣ. ಈ ಸಡಿಲಕ್ಕೆ ಗ್ಯಾರೇಜಿನಲ್ಲಿ ಪ್ಲೇ ಎನ್ನುತ್ತಾರೆ. ಅದು ಹೆಚ್ಚಾಗಿ, ಗುಂಡಿಯ ಮೇಲೆ ಹಾದ ಮುಂದಿನ ಚಕ್ರಗಳು ತಾವಾಗಿಯೇ ಗಡಗಡನೆ ಅಲುಗಾಡತೊಡಗಿದರೆ ವಾಬ್ಲಿಂಗ್ ಎನ್ನುತ್ತಾರೆ.

ಬದಲಿ ಭಾಗಕ್ಕೆ ಒಡೆಯನ ಮುಂದೆ ಇದ್ದ ದಾರಿಗಳು ಕಾಲಕ್ಕೆ ತಕ್ಕಂತೆ ಬದಲಾದವು. ಮೊದಮೊದಲು ಡಿಸ್‌ಪೋಸಲ್ ಸಾಮಾನು, ಅದು ತೀರಿದ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಮದರಾಸಿನ ಪುದುಪೇಟೆ; ಹೆದ್ದಾರಿಯ ಲಾರಿಗಳ ಮೂಲಕ ಈ ಸಾಮಾನು ದಾವಣಗೆರೆಗೆ ಬರುತ್ತಿತ್ತು. 1929ರಲ್ಲಿ ವ್ಯಾಪಾರಿ ಸಂಸ್ಥೆಯಾಗಿ ಆರಂಭವಾಗಿದ್ದ ಮದರಾಸಿನ ರಾಣೆ ಕಂಪನಿ 1960ರ ಸುಮಾರಿನಲ್ಲಿ ಟೈ ರಾಡ್ ತುದಿಗಳ ತಯಾರಿಕೆಗೆ ಇಳಿದದ್ದು ಈ ಚರಿತ್ರೆಯ ದೊಡ್ಡ ತಿರುವು. ಅಲ್ಲಿಂದ ಮುಂದೆ ಗುಂಡು ಕೀಲುಗಳ ಮಟ್ಟಿಗೆ ದೇಶೀಯ ಕಾರ್ಖಾನೆಯ ಭರವಸೆಯ ಸರಕು ಸಿಗತೊಡಗಿತು. ಅದರ ಜೊತೆಜೊತೆಗೇ ಹೆಸರಿಲ್ಲದ, ಅಗ್ಗದ ಡೂಪ್ಲಿಕೇಟ್ ಸಾಮಾನೂ ಬೆಳೆಯಿತು. ಎರಡರ ಹೊರನೋಟ ಒಂದೇ. ಪೊಟ್ಟಣವನ್ನು ನೋಡಿ ನಂಬುವ ಹಾಗಿರಲಿಲ್ಲ. ಡೂಪ್ಲಿಕೇಟಿನ ದೋಷ ಬಹುತೇಕ ಆಕಾರದಲ್ಲಿರದೆ ಲೋಹದಲ್ಲಿಯೂ ಶಾಖ ಸಂಸ್ಕಾರದಲ್ಲಿಯೂ ಇರುತ್ತಿತ್ತು: ಮೇಲ್ಮೈ ಮೆತ್ತಗಿದ್ದರೆ ಕೆಲವೇ ತಿಂಗಳಲ್ಲಿ ಸವೆಯುತ್ತದೆ, ಒಳಗಿನ ತಿರುಳೂ ಗಡುಸಾಗಿಬಿಟ್ಟಿದ್ದರೆ ಏಟಿಗೆ ಮುರಿಯುತ್ತದೆ. ಅರದಿಂದ ಉಜ್ಜಿ ನೋಡುವ ಸರಳ ಪರೀಕ್ಷೆ ಲೇತ್ ಅಂಗಡಿಯವರಿಗೆ ಗೊತ್ತಿತ್ತು. ಗಡುಸಾದ ಮೇಲ್ಮೈಯ ಮೇಲೆ ಅರ ಕಚ್ಚದೆ ಜಾರುತ್ತದೆ, ಮೆತ್ತಗಿನದರ ಮೇಲೆ ಗೀರು ಬಿಡುತ್ತದೆ.

ಹರಿಹರದ ಕೈಗಳ ಹೆಚ್ಚುಗಾರಿಕೆ ಎದ್ದು ಕಾಣುವುದು ಬೆಲ್ ಕ್ರ್ಯಾಂಕಿನಲ್ಲಿ. ಯುದ್ಧಕಾಲದ ಮೂಲ ವಿನ್ಯಾಸದಲ್ಲಿ ಅದು ಸೂಜಿ ಬೇರಿಂಗುಗಳ ಮೇಲೆ, ಅಂದರೆ ಪಿನ್ನಿನ ಸುತ್ತ ಜೋಡಿಸಿದ ಸಣ್ಣ ಸೂಜಿಯಾಕಾರದ ರೋಲರುಗಳ ಮೇಲೆ, ತೂಗಾಡುತ್ತಿತ್ತು. ಪೂರ್ಣ ಸುತ್ತು ಸುತ್ತುವ ದಂಡಕ್ಕೆ ಇಂತಹ ಬೇರಿಂಗು ಒಳ್ಳೆಯದು. ಆದರೆ ಬೆಲ್ ಕ್ರ್ಯಾಂಕು ಎಂದಿಗೂ ಪೂರ್ತಿ ಸುತ್ತುವುದಿಲ್ಲ, ಸಣ್ಣ ಕೋನದಲ್ಲಿ ಆಚೀಚೆ ತೂಗುತ್ತದೆ. ಹಾಗಾದಾಗ ಪ್ರತಿ ರೋಲರೂ ತನ್ನದೇ ಜಾಗದಲ್ಲಿ ಮಿಸುಕಾಡಿ ಪಿನ್ನಿನ ಮೇಲೆ ಗೆರೆಗೆರೆಯಾಗಿ ಹಳ್ಳ ಬೀಳಿಸುತ್ತದೆ, ಗ್ರೀಸು ಹಂಚಿಹೋಗದೆ ಆ ಹಳ್ಳಗಳು ಆಳವಾಗುತ್ತವೆ. ಸೂಜಿಗಳನ್ನು ತೆಗೆದುಹಾಕಿ ಅವುಗಳ ಜಾಗದಲ್ಲಿ ಗನ್ ಮೆಟಲ್ ಬುಷ್, ಅಂದರೆ ತಾಮ್ರ–ತವರದ ಮಿಶ್ರಲೋಹದ ಕೊಳವೆ, ಕೂರಿಸುವುದು ಲೇತ್ ಅಂಗಡಿಗಳ ಪರಿಹಾರ. ವಿಲ್ಲಿಸ್ ಜೀಪುಗಳಿಗೆ ವಿದೇಶಗಳಲ್ಲಿ ಮಾರುವ ದುರಸ್ತಿ ಕಿಟ್ಟುಗಳೂ ಇದೇ ದಾರಿಯನ್ನು ಹಿಡಿದಿವೆ. ಮೂಲದಲ್ಲಿದ್ದುದನ್ನೇ ಹಾಕಬೇಕೆಂಬ ಹಟಕ್ಕಿಂತ ಇಲ್ಲಿ ಬುಷ್ಷಿನ ಜಾಣತನವೇ ಮೇಲು ಎನ್ನಲು ಯಂತ್ರಶಾಸ್ತ್ರದ ಆಧಾರ ಸಾಕಷ್ಟಿದೆ.

ಕೆಲಸದ ಕ್ರಮವನ್ನು ಹತ್ತಿರದಿಂದ ನೋಡಿದರೆ ಥೌಗಳ ಲೆಕ್ಕ ಎಲ್ಲಿ ಬರುತ್ತದೆಂಬುದು ಕಾಣುತ್ತದೆ. ಮೊದಲು ಬೆಲ್ ಕ್ರ್ಯಾಂಕನ್ನು ಚಕ್ಕಿನಲ್ಲಿ, ಅಂದರೆ ಲೇತಿನ ಹಿಡಿಕೆಯಲ್ಲಿ ಕಟ್ಟಿ, ಡಯಲ್ ಹಚ್ಚಿ ರಂಧ್ರದ ಮಧ್ಯವನ್ನು ನೇರಕ್ಕೆ ತರಲಾಗುತ್ತದೆ. ಸವೆದ ರಂಧ್ರ ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿರುವುದರಿಂದ ಅದನ್ನು ಮೊದಲು ದುಂಡಗೆ ಬೋರ್ ಮಾಡಬೇಕು. ಬುಷ್ಷಿನ ಹೊರಮೈಯನ್ನು ಆ ರಂಧ್ರಕ್ಕಿಂತ ಒಂದೆರಡು ಥೌ ದಪ್ಪಗೆ ಕಡೆದು ಪ್ರೆಸ್ಸಿನಲ್ಲಿ ಒತ್ತಿ ಕೂರಿಸುತ್ತಾರೆ. ಒತ್ತಿದ ಕೂಡಲೇ ಬುಷ್ಷಿನ ಒಳರಂಧ್ರ ಕುಗ್ಗುತ್ತದೆ. ಆದ್ದರಿಂದ ಒಳಗಿನ ಅಂತಿಮ ಅಳತೆಯನ್ನು ಕೂರಿಸಿದ ನಂತರವೇ ರೀಮರ್ ಎಂಬ ಸಾಧನದಿಂದ ಬಿಡಿಸಬೇಕು; ಮೊದಲೇ ಮಾಡಿ ಒತ್ತಿದರೆ ಪಿನ್ನು ಹಿಡಿದುಕೊಳ್ಳುತ್ತದೆ. ಅವಸರದ ಅಂಗಡಿಯನ್ನೂ ಕಲಿತ ಅಂಗಡಿಯನ್ನೂ ಬೇರೆ ಮಾಡುವುದು ಈ ಒಂದು ಹಂತ. ಪಿನ್ನಿಗೂ ಬುಷ್ಷಿಗೂ ನಡುವೆ ಒಂದೆರಡು ಥೌ ತೆರಪು ಬಿಟ್ಟು, ಒಳಮೈಯಲ್ಲಿ ಗ್ರೀಸಿನ ಕಾಲುವೆ ಕೊರೆದು, ಆ ಕಾಲುವೆ ಗ್ರೀಸ್ ನಿಪ್ಪಲಿನ ರಂಧ್ರಕ್ಕೆ ಸರಿಯಾಗಿ ಎದುರಾಗುವಂತೆ ನೋಡಿಕೊಳ್ಳಬೇಕು.

ಪಿನ್ನಿನದು ಇನ್ನೊಂದು ವಿದ್ಯೆ. ಇಂಗಾಲ ಕಡಿಮೆ ಇರುವ ಉಕ್ಕನ್ನು ಕಡೆದು, ಇದ್ದಿಲು ಪುಡಿ ತುಂಬಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಹುದುಗಿಸಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಇಂಗಾಲ ಮೇಲ್ಪದರದೊಳಗೆ ಇಳಿಯುತ್ತದೆ. ಬಳಿಕ ತಣಿಸಿದಾಗ ಹೊರಪದರ ಗಾಜಿನಷ್ಟು ಗಡುಸಾಗುತ್ತದೆ, ಒಳತಿರುಳು ಬಾಗಬಲ್ಲ ಗಟ್ಟಿತನವನ್ನು ಉಳಿಸಿಕೊಳ್ಳುತ್ತದೆ. ಇದಕ್ಕೆ ಕೇಸ್ ಹಾರ್ಡನಿಂಗ್ ಎನ್ನುತ್ತಾರೆ. ಗಡುಸು ಪಿನ್ನಿಗೆ ಮೆತ್ತನೆಯ ಬುಷ್ ಜೋಡಿಯಾಗಿರಬೇಕೆಂಬುದು ಈ ವಿದ್ಯೆಯ ಮೂಲ ತತ್ತ್ವ. ಸವೆದರೆ ಅಗ್ಗದ ಬುಷ್ ಸವೆಯಲಿ, ಪಿನ್ನು ಉಳಿಯಲಿ ಎಂಬ ಲೆಕ್ಕ ಅದರ ಹಿಂದಿದೆ. ಎರಡನ್ನೂ ಗಡುಸು ಮಾಡಿದರೆ ಬಾಳಿಕೆ ಇಮ್ಮಡಿಯಾಗುತ್ತದೆಂಬ ತಪ್ಪು ನಂಬಿಕೆಯಿಂದ ಹಾಳಾದ ಜೋಡಿಗಳು ಕಡಿಮೆಯಲ್ಲ. ಕೊನೆಯದಾಗಿ ಗ್ರೀಸು: ಎಷ್ಟೇ ಒಳ್ಳೆಯ ಬುಷ್ಷಾದರೂ ಕೆಸರು ದಾಟಿದ ಮೇಲೆ ಹಳೆಯ ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗನ್ನಿನಿಂದ ತುಂಬದಿದ್ದರೆ ಧೂಳಿಗೆ ಆಹಾರವಾಗುತ್ತದೆ.

ಲೇತಿನ ಮೇಲೆ ಎಲ್ಲವನ್ನೂ ಮಾಡಬಹುದೆಂಬ ಹುಮ್ಮಸ್ಸಿಗೆ ಈ ಕಸುಬಿನಲ್ಲಿ ಒಂದು ಗಡಿ ಇದೆ, ಮತ್ತು ಅದನ್ನು ಒತ್ತಿ ಹೇಳಬೇಕಾಗಿದೆ. ಡ್ರಾಪ್ ಆರ್ಮ್, ಟೈ ರಾಡಿನ ಗುಂಡು ತಲೆಯ ಪಿನ್ನು, ಚಕ್ರದ ಸ್ಟೀರಿಂಗ್ ತೋಳು ಇವೆಲ್ಲ ಫೋರ್ಜಿಂಗಿನಿಂದ, ಅಂದರೆ ಕೆಂಪಗೆ ಕಾಯಿಸಿದ ಉಕ್ಕನ್ನು ಅಚ್ಚಿನಲ್ಲಿ ಬಡಿದು, ತಯಾರಾದವು. ಬಡಿತದಲ್ಲಿ ಲೋಹದ ಎಳೆಗಳು ಆಕಾರದ ಬಾಗನ್ನು ಅನುಸರಿಸಿ ಹರಿಯುವುದರಿಂದ ಅವುಗಳಿಗೆ ಏಟು ತಾಳುವ ಶಕ್ತಿ ಬರುತ್ತದೆ. ಅದೇ ಆಕಾರವನ್ನು ಸರಳಿನಿಂದ ಕಡೆದು ತೆಗೆದರೆ ಬಾಗಿನ ಜಾಗದಲ್ಲಿ ಎಳೆಗಳು ತುಂಡಾಗುತ್ತವೆ, ಸವೆದ ಗುಂಡಿನ ಮೇಲೆ ವೆಲ್ಡಿಂಗ್ ತುಂಬಿ ಮತ್ತೆ ಕಡೆದರೆ ವೆಲ್ಡಿಂಗಿನ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ಬಿರುಕು ಮೊದಲ ದಿನ ಕಾಣುವುದಿಲ್ಲ. ಘಟ್ಟದ ತಿರುವಿನಲ್ಲಿ ಕಂಡರೆ ಆಗ ಕಾಲ ಮಿಂಚಿರುತ್ತದೆ. ಸುಮ್ಮನೆ ಸವೆಯುವ ಬುಷ್ಷು, ಪಿನ್ನು, ವಾಷರ್, ತೆಳು ತಗಡಿನ ಶಿಮ್ಮುಗಳನ್ನು ಊರಲ್ಲೇ ಮಾಡುವುದು, ಮುರಿದರೆ ಜೀವ ಹೋಗುವ ಭಾಗವನ್ನು ಕಾರ್ಖಾನೆಯಿಂದಲೇ ಕೊಳ್ಳುವುದು: ಒಳ್ಳೆಯ ಅಂಗಡಿಗಳು ಪಾಲಿಸುವ ಈ ವಿಂಗಡಣೆ ಯಾವ ಸರ್ಕಾರಿ ಕೈಪಿಡಿಯಲ್ಲಿಯೂ ಸಿಗುವುದಕ್ಕಿಂತ ಸ್ಪಷ್ಟವಾದದ್ದು. ವೆಲ್ಡಿಂಗ್ ಮಾಡಿದ ಡ್ರಾಪ್ ಆರ್ಮನ್ನು ಅಗ್ಗವೆಂದು ಒಪ್ಪಿಕೊಳ್ಳುವ ಒಡೆಯನೂ, ಅದನ್ನು ಮಾಡಿಕೊಡುವ ಅಂಗಡಿಯವನೂ ಸಮಾನವಾಗಿ ತಪ್ಪಿತಸ್ಥರು.

ಕಿಂಗ್ ಪಿನ್ನಿನ ವಿಷಯ ಊರಲ್ಲಿ ಮಾಡುವ ಮತ್ತು ಕಾರ್ಖಾನೆಯಿಂದ ಕೊಳ್ಳುವ ಈ ಎರಡು ಬಗೆಗಳ ನಡುವಿನದು. ಬೇರಿಂಗನ್ನು ಕಾರ್ಖಾನೆಯದೇ ಕೊಳ್ಳಬೇಕು, ಆದರೆ ಅದರ ಬಿಗಿಯನ್ನು ಶಿಮ್ಮುಗಳಿಂದ ಹೊಂದಿಸುವುದು ಫಿಟ್ಟರನ ಕೈಚಳಕ. ಶಿಮ್ ತೆಗೆದಷ್ಟೂ ಬಿಗಿ ಹೆಚ್ಚುತ್ತದೆ. ಚಕ್ರದ ತೋಳಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆದು, ಎಷ್ಟು ಭಾರಕ್ಕೆ ಅದು ಕದಲುತ್ತದೆಂದು ನೋಡುವುದು ಸರಿಯಾದ ಕ್ರಮ. ಇಲ್ಲಿ ತುಸು ಬಿಗಿ ಇದ್ದರೆ ವಾಬ್ಲಿಂಗ್ ಹತೋಟಿಗೆ ಬರುತ್ತದೆ, ಸಡಿಲವಿದ್ದರೆ ಟೈ ರಾಡ್ ತುದಿಗಳನ್ನು ಎಷ್ಟು ಬಾರಿ ಬದಲಾಯಿಸಿದರೂ ಅಲುಗಾಟ ಮರಳುತ್ತದೆ.

ಶತಮಾನ ಹೊರಳುವ ಹೊತ್ತಿಗೆ ಮೈಸೂರು ಕಿರ್ಲೋಸ್ಕರ್ ಮುಚ್ಚಿತು. ದಾವಣಗೆರೆಯ ಗಿರಣಿಗಳು ಅದಕ್ಕೂ ಮುಂಚೆಯೇ ಒಂದೊಂದಾಗಿ ನಿಂತಿದ್ದವು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಕಾರ್ಖಾನೆಯ ಅಂತ್ಯ ಹರಿಹರಕ್ಕೆ ಬರಿಯ ಆರ್ಥಿಕ ನಷ್ಟವಾಗಿರಲಿಲ್ಲ. ಹೊಸಬರು ಅಳತೆಯನ್ನು ಕಲಿಯುತ್ತಿದ್ದ ಶಾಲೆಯೇ ಇಲ್ಲವಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ, ಹರಿಹರ ಅದರ ತಾಲ್ಲೂಕಾಗಿ ಸೇರಿದ ಕೆಲವೇ ವರ್ಷಗಳಲ್ಲಿ ಹೊಸ ಜಿಲ್ಲೆ ತನ್ನ ಅತಿ ದೊಡ್ಡ ಯಂತ್ರವಿದ್ಯೆಯ ಕೇಂದ್ರವನ್ನು ಕಳೆದುಕೊಂಡದ್ದು ವಿಷಾದದ ಸಂಗತಿ. ಕಾರ್ಖಾನೆ ಹೋದರೂ ಅದರ ಲೇತುಗಳು ಹೋಗಲಿಲ್ಲ. ಎಂಟರ್‌ಪ್ರೈಸ್ ಎಂಬ ಫಲಕ ಹೊತ್ತ ಹಳೆಯ ಯಂತ್ರಗಳು ಇಂದಿಗೂ ಕರ್ನಾಟಕದ ವರ್ಕ್‌ಶಾಪುಗಳಲ್ಲಿ ಬುಷ್ಷು ಕಡೆಯುತ್ತಿವೆ.

ಜೀಪಿನ ಒಡೆಯರೂ ಈ ನಡುವೆ ಬದಲಾಗಿದ್ದಾರೆ. ಬೊಲೆರೊ 2000ದಲ್ಲಿಯೂ ಥಾರ್ 2010ರಲ್ಲಿಯೂ ಬಂದ ಮೇಲೆ ದಿನದ ದುಡಿಮೆಗೆ ಹಳೆಯ ಜೀಪು ಬೇಕಾಗುವುದು ಕಡಿಮೆಯಾಗಿ, ಅದನ್ನು ಪ್ರೀತಿಯಿಂದ ಉಳಿಸಿಕೊಳ್ಳುವವರು ಹೆಚ್ಚಾದರು. ಹೊಸ ವಾಹನದ ಪವರ್ ಸ್ಟೀರಿಂಗ್ ಬಾಕ್ಸನ್ನು ಹಳೆಯ ಚಾಸಿಗೆ ಕೂರಿಸುವ ರೂಢಿ ಇವರಲ್ಲಿದೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಕಡಿವಾಣ ಹಾಕಿದೆ. ಕಾನೂನನ್ನು ಬದಿಗಿಟ್ಟು ನೋಡಿದರೂ, ಸವೆದ ಕೀಲುಗಳನ್ನು ಹಾಗೇ ಬಿಟ್ಟು ಪವರ್ ಸ್ಟೀರಿಂಗ್ ಹಾಕಿದರೆ ಚಾಲಕನ ಕೈಗೆ ಸಡಿಲ ತಿಳಿಯದಂತಾಗುತ್ತದೆ, ಕೀಲುಗಳ ಮೇಲಿನ ಒತ್ತಡ ಮಾತ್ರ ಹೆಚ್ಚುತ್ತದೆ. ಹೀಗಾಗಿ ಹಳೆಯ ರಾಸ್ ಬಾಕ್ಸನ್ನೇ ಸರಿಪಡಿಸಿಕೊಳ್ಳುವುದು ಹೆಚ್ಚು ವಿವೇಕದ ದಾರಿ.

ಆ ಬಾಕ್ಸಿನ ಸುರುಳಿ ತೋಡನ್ನು ಊರಿನ ಲೇತಿನ ಮೇಲೆ ಹೊಸದಾಗಿ ಕೊರೆಯುವುದು ಆಗದ ಮಾತು. ತೋಡು ನಡುವಿನಲ್ಲಿ, ಅಂದರೆ ನೇರ ಓಟದ ಜಾಗದಲ್ಲಿ, ಹೆಚ್ಚು ಸವೆದು ತುದಿಗಳಲ್ಲಿ ಹಾಗೇ ಉಳಿದಿರುತ್ತದೆ. ಈ ಸ್ಥಿತಿಯಲ್ಲಿ, ಸಡಿಲವನ್ನು ಹೊಂದಿಸಲು ಬಾಕ್ಸಿನ ಪಕ್ಕದಲ್ಲಿರುವ ತಿರುಪನ್ನು ನಡುವಿನ ಸಡಿಲ ಹೋಗುವಷ್ಟು ಬಿಗಿದರೆ ಪೂರ್ತಿ ತಿರುಗಿಸಿದಾಗ ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಗುಜರಿಯಿಂದ ಎರಡು ಮೂರು ಬಾಕ್ಸುಗಳನ್ನು ತಂದು ಬಿಚ್ಚಿ, ಒಂದರ ತೋಡಿನ ಕೊಳವೆಯನ್ನೂ ಇನ್ನೊಂದರ ಪಿನ್ನು ದಂಡವನ್ನೂ ಆಯ್ದು, ದಂಡ ಕೂರುವ ಜಾಗಕ್ಕೆ ಹೊಸ ಬುಷ್ ಒತ್ತಿ, ಮೇಲಿನ ಮುಚ್ಚಳದಡಿಯ ಶಿಮ್ಮುಗಳಿಂದ ಕೊಳವೆಯ ಮೇಲೆ–ಕೆಳಗಿನ ಸಡಿಲವನ್ನು ಮೊದಲು ತೆಗೆದು, ಚಕ್ರವನ್ನು ನೇರ ಓಟದ ಸ್ಥಾನಕ್ಕೆ ತಂದ ನಂತರವೇ ಪಕ್ಕದ ತಿರುಪನ್ನು ಹೊಂದಿಸಿ, ಕೊನೆಗೆ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಎಲ್ಲಿಯೂ ಬಿಗಿಯುವುದಿಲ್ಲವೆಂದು ಖಚಿತಪಡಿಸಿಕೊಂಡು ಲಾಕ್ ನಟ್ಟು ಬಿಗಿಯಲಾಗುತ್ತದೆ. ಹೀಗೆ ಆಯ್ದು ಜೋಡಿಸಲು ತಕ್ಕ ಹಳೆಯ ಬಾಕ್ಸುಗಳು ಗುಜರಿಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಮತ್ತು ಸವೆದ ತೋಡನ್ನು ಬೆರಳಾಡಿಸಿಯೇ ಗುರುತಿಸಬಲ್ಲ ಫಿಟ್ಟರುಗಳು ಬಹುಪಾಲು ವಯಸ್ಸಾದವರು.